ಒಂದನೇ ನಂಬರು

ಮೇ ತಿಂಗಳಲ್ಲಿ ನಮ್ಮ ಮಳಖೇಡದ ಬಿಸಿಲನ್ನು ಕಂಡವರಿಗೇ ಗೊತ್ತು. ಹನ್ನೊಂದು ಗಂಟೆಯ ಮೇಲೆ ಹೊರಗೆ ಕಾಲಿಡುವಂತಿಲ್ಲ. ಕಾಗಿಣಾ ನದಿ ಬಡಕಲಾಗಿರುತ್ತದೆ, ಅಂಗಳದ ಫರ್ಸಿ ಕಲ್ಲು ಹಂಚಿನಂತೆ ಕಾದಿರುತ್ತದೆ. ರಜೆಗೆಂದು ಬಂದ ಮಕ್ಕಳು ಮೊಮ್ಮಕ್ಕಳೆಲ್ಲ ಪಡಸಾಲೆಯಲ್ಲಿ ಒಂದೇ ಫ್ಯಾನಿನ ಕೆಳಗೆ ಸೇರುತ್ತಾರೆ. ಅಲ್ಲಿ ಕೂತವರು ಸುಮ್ಮನಿರಬೇಕಲ್ಲ! ಹೋದ ವರ್ಷ ಮೊಮ್ಮಗ ಒಂದು ನೋಟ್‌ಬುಕ್ಕು ತೆಗೆದು, 'ಕರ್ನಾಟಕದ ಹತ್ತು ಶ್ರೇಷ್ಠ ಕ್ರಿಕೆಟಿಗರು' ಎಂದು ಮೇಲೆ ಬರೆದು, ಕೆಳಗೆ ಒಂದರಿಂದ ಹತ್ತರವರೆಗೆ ಅಂಕಿ ಹಾಕಿದ. ಅಷ್ಟೇ ಸಾಕಾಯಿತು. ಮೂರು ದಿನ ಮನೆಯಲ್ಲಿ ಬೇರೆ ಮಾತಿಲ್ಲ.

ಹಿರಿಯ ಮಗ ದ್ರಾವಿಡನ ಪಕ್ಷ. 164 ಟೆಸ್ಟು, 13,288 ರನ್ನು, 36 ಶತಕ. ಎದುರಿಸಿದ ಚೆಂಡುಗಳೇ 31,258. ಇಷ್ಟು ಚೆಂಡು ಟೆಸ್ಟಿನಲ್ಲಿ ಇನ್ನೊಬ್ಬರು ಆಡಿಲ್ಲವಂತೆ. ಕಿರಿಯವನಿಗೆ ಕುಂಬ್ಳೆ ದೇವರು. 619 ವಿಕೆಟ್ಟು, ಅದರಲ್ಲೂ 1999ರಲ್ಲಿ ದಿಲ್ಲಿಯಲ್ಲಿ ಪಾಕಿಸ್ತಾನದ ಒಂದು ಇನ್ನಿಂಗ್ಸಿನ ಹತ್ತಕ್ಕೆ ಹತ್ತೂ ಅವನವೇ. 2002ರಲ್ಲಿ ಆಂಟಿಗಾದಲ್ಲಿ ದವಡೆ ಮುರಿದಿದ್ದಾಗ ಮುಖಕ್ಕೆ ಪಟ್ಟಿ ಸುತ್ತಿಕೊಂಡು ಬಂದು ಲಾರಾನನ್ನು ಔಟು ಮಾಡಿದ್ದನ್ನು ಹೇಳುವಾಗ ಇವನ ಧ್ವನಿ ಈಗಲೂ ನಡುಗುತ್ತದೆ. ನಮ್ಮ ಮನೆಯವರದು ಒಂದೇ ಹೆಸರು, ವಿಶ್ವನಾಥ್. 91 ಟೆಸ್ಟು, 6,080 ರನ್ನು.

"ಅಪ್ಪಾ, ದ್ರಾವಿಡನ ಅರ್ಧಾನೂ ಆಗಲ್ಲ ಅದು," ಎಂದ ಹಿರಿಯವನು.

"ನೀ ರನ್ನು ಎಣಸ್ತಿ. ನಾ ಆಟ ನೋಡೀನಿ," ಎಂದರು ಇವರು.

ನೋಡಿದ್ದೆಲ್ಲಿ ಬಂತು, ಕೇಳಿದ್ದು! ಆಗ ನಮ್ಮಲ್ಲಿ ಟಿವಿ ಎಲ್ಲಿತ್ತು? ಮರ್ಫಿ ರೇಡಿಯೋಕ್ಕೆ ಕಿವಿ ಹಚ್ಚಿ ಕೂಡುತ್ತಿದ್ದರು. 1975ರ ಜನವರಿಯಲ್ಲಿ ಮದ್ರಾಸಿನಲ್ಲಿ ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ 7 ವಿಕೆಟ್ ಕಿತ್ತ ದಿನ, ಇಡೀ ತಂಡ ಸೇರಿ 190 ಮಾಡಿದ್ದರಲ್ಲಿ ವಿಶ್ವನಾಥನೊಬ್ಬನದೇ 97, ಅದೂ ಔಟಾಗದೆ. ಭಾರತ ಆ ಪಂದ್ಯವನ್ನು 100 ರನ್ನುಗಳಿಂದ ಗೆದ್ದಿತು. ಆದರೆ ಶತಕಗಳ ಪಟ್ಟಿ ತೆಗೆದು ನೋಡಿದರೆ ಆ ಆಟ ಅದರಲ್ಲಿಲ್ಲ. ಮೂರು ರನ್ನು ಕಡಿಮೆ ಬಿತ್ತಲ್ಲ!

ಕ್ರಿಕೆಟ್ಟು ನನಗೆ ಅಷ್ಟಾಗಿ ತಿಳಿಯದು. ಆದರೆ ಮೂವರು ಗಂಡಸರ ನಡುವೆ ಐವತ್ತು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಬೇಡವೆಂದರೂ ಕಿವಿಗೆ ಬೀಳುತ್ತದೆ. ಹೀಗೆ ಬಿದ್ದ ಮಾತುಗಳಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು 1980ರ ಮುಂಬಯಿ ಪಂದ್ಯ. ಇಂಗ್ಲೆಂಡಿನ ಐದು ವಿಕೆಟ್ಟು 58ಕ್ಕೇ ಬಿದ್ದಿದ್ದವು. ಬಾಬ್ ಟೇಲರ್ ಎಂಬುವನನ್ನು ಅಂಪೈರು ಔಟು ಕೊಟ್ಟರು. ಚೆಂಡು ಅವನ ಬ್ಯಾಟಿಗೆ ತಗಲಿಲ್ಲವೆಂದು ನಾಯಕನಾಗಿದ್ದ ವಿಶ್ವನಾಥನಿಗೆ ಅನ್ನಿಸಿತು. ಕರೆದು ಮತ್ತೆ ಆಡಲು ಬಿಟ್ಟ. ಆ ಟೇಲರ್ ಬಾಥಮ್‌ನ ಜೊತೆ ನಿಂತುಬಿಟ್ಟ, ಇಬ್ಬರೂ ಸೇರಿ 171 ಕೂಡಿಸಿದರು, ನಾವು ಹತ್ತು ವಿಕೆಟ್ಟಿನಿಂದ ಸೋತೆವು. ವಿಶ್ವನಾಥ್ ನಾಯಕನಾಗಿದ್ದು ಎರಡೇ ಟೆಸ್ಟಿಗೆ. ಒಂದು ಡ್ರಾ, ಒಂದು ಸೋಲು, ಗೆಲುವು ಸೊನ್ನೆ. ನಾಯಕರನ್ನು ಸಾಲಾಗಿ ನಿಲ್ಲಿಸಿದರೆ ಅವನು ಕಟ್ಟಕಡೆಗೆ ನಿಲ್ಲಬೇಕು. ಅವತ್ತು ಅವನು ಮಾಡಿದ ಒಳ್ಳೆಯ ಕೆಲಸ ಲೆಕ್ಕದಲ್ಲಿ ಬಂದಿದೆ, ಸೋಲಿನ ಖಾನೆಯಲ್ಲಿ.

ದಿಲ್ಲಿಯ ಹತ್ತು ವಿಕೆಟ್ಟಿನ ಕಥೆಯೂ ಹಾಗೆಯೇ. ಒಂಬತ್ತು ಬಿದ್ದ ಮೇಲೆ ಇನ್ನೊಂದು ತುದಿಯಿಂದ ಚೆಂಡು ಹಾಕುತ್ತಿದ್ದವನು ನಮ್ಮ ಮೈಸೂರಿನ ಶ್ರೀನಾಥ್. ಹತ್ತನೆಯದೂ ಗೆಳೆಯನಿಗೇ ಸಿಗಲೆಂದು ಅವನು ಬೇಕೆಂದೇ ದೂರ ದೂರ ಎಸೆದ. ಕುಂಬ್ಳೆಯ ಹೆಸರಿನ ಮುಂದೆ 10 ಎಂದು ಬರೆದಿದೆ. ಶ್ರೀನಾಥನ ಹೆಸರಿನ ಮುಂದೆ ಒಂದು ವಿಕೆಟ್ಟು ಕಡಿಮೆ ಎಂದಷ್ಟೇ.

ಇದನ್ನು ನಾನು ಹೇಳಿದಾಗ ಹಿರಿಯ ಮಗ, "ಅವ್ವಾ, ಹಂಗಂದ್ರ ಯಾರನ್ನೂ ಹೆಚ್ಚು ಕಡಿಮಿ ಅನ್ನಬಾರದೇನು? ಎಲ್ಲಾರೂ ದೊಡ್ಡವರೇ ಅಂತ ಕೈ ಮುಗದು ಕುಂದ್ರಬೇಕೇನು?" ಎಂದು ನನ್ನನ್ನೇ ಹಿಡಿದ.

ಅದು ಸುಳ್ಳಲ್ಲ. 'ಎಲ್ಲರೂ ದೊಡ್ಡವರೇ' ಎನ್ನುವುದು ಕೇಳಲು ಚೆಂದ, ಆದರೆ ಅದರಲ್ಲಿ ಸೋಮಾರಿತನವೂ ಇದೆ. ಇಪ್ಪತ್ತೆಂಟು ವರ್ಷ ಮಾಸ್ತರಿಕೆ ಮಾಡಿದವಳು ನಾನು. ರಾತ್ರಿಯೆಲ್ಲ ಕೂತು ಓದಿದ ಹುಡುಗಿಗೂ ಪುಸ್ತಕವನ್ನೇ ತೆರೆಯದ ಹುಡುಗನಿಗೂ ಒಂದೇ ಅಂಕಿ ಕೊಟ್ಟಿದ್ದರೆ ಅದು ನ್ಯಾಯವೇ? ಹನ್ನೊಂದು ಜನರನ್ನು ಆರಿಸಬೇಕಾದವನು ಹನ್ನೆರಡನೆಯವನಿಗೆ ಇಲ್ಲವೆನ್ನಲೇಬೇಕು. ಮತ್ತೆ ಜಗಳದಿಂದ ಒಂದು ಲಾಭವೂ ಇದೆ. ಮುತ್ಯಾನ ಹಟದಿಂದಲ್ಲವೇ ಹನ್ನೆರಡು ವರ್ಷದ ಈ ಹುಡುಗ ವಿಶ್ವನಾಥನ ಹೆಸರು ಕಲಿತದ್ದು?

ಅಮೆರಿಕದಲ್ಲಿರುವ ನನ್ನ ತಂಗಿಯ ಮಗ ಆ ದಿನವೇ ಫೋನು ಮಾಡಿದ್ದ. ಅಲ್ಲಿಯೂ ಇದೇ ಗೋಳಂತೆ. ಅವರ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು, ಯಾರಿಗೆ ಎಸೆಯಬೇಕೆಂದು ಕ್ಷಣದಲ್ಲಿ ನಿರ್ಧರಿಸುವ ಆಟಗಾರನೊಬ್ಬ ಇರುತ್ತಾನೆ, ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ಅವರಲ್ಲಿ ಶ್ರೇಷ್ಠ ಯಾರೆಂದು ಮನೆಮನೆಯಲ್ಲೂ ವಾದವಂತೆ. ಟಾಮ್ ಬ್ರಾಡಿ ಹತ್ತು ಸಲ ಅಂತಿಮ ಪಂದ್ಯ ಆಡಿ ಏಳು ಗೆದ್ದ. ಜೋ ಮೊಂಟಾನ ಆಡಿದ್ದೇ ನಾಲ್ಕು, ನಾಲ್ಕನ್ನೂ ಗೆದ್ದ. ಯಾರು ದೊಡ್ಡವರು, ಏಳು ಗೆದ್ದವನೋ, ಒಂದೂ ಸೋಲದವನೋ? ನನಗೆ ಮೋಜೆನಿಸಿದ್ದು ಅದಲ್ಲ. 2000ದಲ್ಲಿ ತಂಡಗಳು ಹೊಸ ಹುಡುಗರನ್ನು ಒಬ್ಬೊಬ್ಬರನ್ನಾಗಿ ಆರಿಸಿಕೊಂಡಾಗ ಈ ಬ್ರಾಡಿಯ ಪಾಳಿ ಬಂದದ್ದು 199ನೆಯವನಾಗಿ. ಅಷ್ಟೆಲ್ಲ ಬಲ್ಲವರು, ಅಷ್ಟೆಲ್ಲ ಅಳೆದವರು, ಅವನ ಮುಂದೆ 198 ಜನರನ್ನು ನಿಲ್ಲಿಸಿದ್ದರು!

ನಮ್ಮೂರೇನು ಕಡಿಮೆಯೇ? ಇದೇ ಮಣ್ಣು, ಇದೇ ಮಾನ್ಯಖೇಟ, ಒಮ್ಮೆ ಜಗತ್ತಿನ ಪಟ್ಟಿಯಲ್ಲಿತ್ತು. ಅಮೋಘವರ್ಷ ನೃಪತುಂಗ ಆಳುತ್ತಿದ್ದ ಕಾಲದಲ್ಲಿ, 851ರಲ್ಲಿ, ಸುಲೈಮಾನ್ ಎಂಬ ಅರಬ್ ವರ್ತಕನ ಹೆಸರಿನಲ್ಲಿ ಬಂದ ಬರಹದಲ್ಲಿ ಲೋಕದ ನಾಲ್ವರು ಮಹಾರಾಜರಲ್ಲಿ ನಮ್ಮ 'ಬಲ್ಹರಾ', ಅಂದರೆ ವಲ್ಲಭರಾಜ, ಒಬ್ಬನೆಂದು ಹೇಳಿದೆ. ಶಾಲೆಯ ಮಕ್ಕಳನ್ನು ಕೋಟೆ ತೋರಿಸಲು ಕರೆದೊಯ್ದಾಗ ನಾನೂ ಎದೆಯುಬ್ಬಿಸಿ ಇದನ್ನು ಹೇಳುತ್ತಿದ್ದೆ. ಆದರೆ ಆ ನಾಲ್ವರ ಸಾಲು ನೋಡಿ. ಮೊದಲನೆಯವನು ಅರಬರ ದೊರೆ, ಎರಡನೆಯವನು ಚೀನದವನು, ಮೂರನೆಯವನು ರೂಮಿನವನು, ನಮ್ಮವನು ನಾಲ್ಕನೆಯವನು. ಬರೆದವನು ಅರಬನಾದ್ದರಿಂದ ಅರಬನೇ ಮೊದಲು! ಬರೆದವನು ಚೀನದವನಾಗಿದ್ದರೆ? ನಮ್ಮ ಮಳಖೇಡದವನಾಗಿದ್ದರೆ? ಪಟ್ಟಿ ಮಾಡುವವನು ತನ್ನ ಮನೆಯ ಬಾಗಿಲಲ್ಲಿ ನಿಂತೇ ಎಣಿಸಲು ಶುರು ಮಾಡುತ್ತಾನೆ.

ಅದೇ ಅಮೋಘವರ್ಷ ಪ್ರಜೆಗಳ ಮೇಲೆ ಬಂದ ಆಪತ್ತು ಕಳೆಯಲೆಂದು ತನ್ನ ಎಡಗೈ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು 871ರ ಸಂಜಾನ ತಾಮ್ರಪಟದಲ್ಲಿದೆ. ಅದನ್ನು ಎಷ್ಟು ನಂಬಬೇಕೋ ಅವರವರಿಗೆ ಬಿಟ್ಟದ್ದು. ಅವನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ದಲ್ಲಿಯೂ ಒಂದು ಪಟ್ಟಿಯಿದೆ. ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂದು ಹಿಂದಿನ ಗದ್ಯಕಾರರ ಹೆಸರುಗಳು. ಅವರು ಕನ್ನಡದಲ್ಲಿ ಬರೆದದ್ದೊಂದೂ ಇಂದು ನಮ್ಮ ಕೈಯಲ್ಲಿಲ್ಲ. ಹೆಸರು ಉಳಿದದ್ದು ಆ ಸಾಲಿನಿಂದಲೇ. ಅಲ್ಲಿ ಯಾರು ಒಂದನೆಯವರು ಯಾರು ಐದನೆಯವರು ಎಂಬ ಮಾತಿಲ್ಲ, ಇಂಥವರಿದ್ದರು ಎಂಬುದಷ್ಟೇ ಇದೆ. ಪಟ್ಟಿಯೆಂದರೆ ನನಗೆ ಅಂಥದ್ದೇ ಇಷ್ಟ.

ಮೂರನೆಯ ದಿನ ಮಧ್ಯಾಹ್ನ ಮೊಮ್ಮಗಳು ಬಂದು ನೋಟ್‌ಬುಕ್ಕಿನೊಳಗೆ ಬಗ್ಗಿ ನೋಡಿದಳು. ಅವಳಿಗೆ ಒಂಬತ್ತು ವರ್ಷ. ಪ್ರಸನ್ನ, ಚಂದ್ರಶೇಖರ್, ಕಿರ್ಮಾನಿ ಎಲ್ಲರೂ ಅಷ್ಟರಲ್ಲಿ ಬಂದು ಕೂತಿದ್ದರು.

"ಇದರಾಗ ಹೆಣ್ಮಕ್ಕಳು ಒಬ್ರೂ ಇಲ್ಲಲ್ಲ?"

"ಹೆಣ್ಮಕ್ಕಳದು ಬ್ಯಾರೆ ಪಟ್ಟಿ," ಎಂದ ಅಣ್ಣ, ತಲೆ ಎತ್ತದೆ.

ನಾನು ಶಾಂತಾ ರಂಗಸ್ವಾಮಿಯ ಹೆಸರು ಹೇಳಿದೆ. ಭಾರತದ ಮಹಿಳೆಯರು ಮೊದಲ ಟೆಸ್ಟು ಆಡಿದ್ದು 1976ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ನಾಯಕಿ ಆಕೆಯೇ. ಅದೇ ವರ್ಷ ಪಾಟ್ನಾದಲ್ಲಿ ಮೊದಲ ಗೆಲುವು. 1977ರಲ್ಲಿ ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ 108 ರನ್ನು, ನಮ್ಮ ದೇಶದ ಹೆಣ್ಣುಮಗಳೊಬ್ಬಳ ಮೊದಲ ಟೆಸ್ಟ್ ಶತಕ. ಮೊಮ್ಮಗ ಫೋನು ಒತ್ತಿ ನೋಡಿ, "ಬರೇ 16 ಟೆಸ್ಟು ಆಯಿ. ವಿಶ್ವನಾಥ್ 91," ಎಂದ.

ಹದಿನಾರು ಯಾಕೆಂದು ಅವನು ಕೇಳಲಿಲ್ಲ. 1977ರ ಪಂದ್ಯಗಳಾದ ಮೇಲೆ ನಮ್ಮ ಹೆಣ್ಣುಮಕ್ಕಳಿಗೆ ಮುಂದಿನ ಟೆಸ್ಟು ಸಿಕ್ಕಿದ್ದು 1984ರಲ್ಲಿ. ಆಟಗಾರ್ತಿಯ ಹರೆಯದ ಏಳು ವರ್ಷ! ರೈಲಿನಲ್ಲಿ ರಿಸರ್ವೇಷನ್ ಇಲ್ಲದ ಡಬ್ಬಿಯಲ್ಲಿ ಕೂತು, ಹಾಸಿಗೆ ಹೊತ್ತು ತಿರುಗಿದ ಹುಡುಗಿಯರು ಅವರು. 2025ರ ನವೆಂಬರಿನಲ್ಲಿ ನವಿ ಮುಂಬಯಿಯಲ್ಲಿ ನಮ್ಮ ಹುಡುಗಿಯರು ವಿಶ್ವಕಪ್ ಎತ್ತಿದ್ದನ್ನು ಈ ಮೊಮ್ಮಗಳು ಟಿವಿ ಮುಂದೆ ಕುಣಿಯುತ್ತ ನೋಡಿದ್ದಾಳೆ. ಆ ಕಪ್ಪಿಗೂ ಆ ರೈಲು ಡಬ್ಬಿಗೂ ಏನು ಸಂಬಂಧವೆಂದು ಯಾವ ಅಂಕಿಯೂ ಹೇಳುವುದಿಲ್ಲ. ನಾವು ಆಟವನ್ನು ಎಣಿಸುತ್ತೇವೆ ಎಂದುಕೊಳ್ಳುತ್ತೇವೆ, ಎಷ್ಟೋ ಸಲ ಎಣಿಸುವುದು ಅವಕಾಶವನ್ನು.

ಈ ಮಾತು ಬಾಯಿಂದ ಬಂದದ್ದೇ ತಡ, ನನಗೆ ನನ್ನ ಕಿರಿಯ ನೆಗೆಣ್ಣಿಯ ನೆನಪಾಗಿ ಗಂಟಲು ಕಟ್ಟಿತು.

ನಾವು ಮೂವರು ಸೊಸೆಯಂದಿರು. ನಮ್ಮತ್ತೆ ಕೆಟ್ಟವರಲ್ಲ, ಆದರೆ ಅವರಿಗೊಂದು ಚಟವಿತ್ತು. ಬಂದವರ ಮುಂದೆ ಸೊಸೆಯರ ರೊಟ್ಟಿಗೆ ನಂಬರು ಕೊಡುತ್ತಿದ್ದರು. "ನಡುವಿನಾಕಿ ರೊಟ್ಟಿ ಒಂದನೇ ನಂಬರು. ಹಿರಿಯಾಕಿದು ಎರಡು. ಸಣ್ಣಾಕಿದು ಕೇಳಬ್ಯಾಡ್ರಿ, ದನಾನೂ ಮೂಸಲ್ಲ." ಎಲ್ಲರೂ ನಗುತ್ತಿದ್ದರು. ನಡುವಿನವಳು ನಾನು. ನಾನೂ ನಗುತ್ತಿದ್ದೆ.

ಹದಿನೆಂಟು ಜನರ ಮನೆ. ಹಿರಿಯಕ್ಕ ಮೊದಲು ಒಲೆಯ ಮುಂದೆ ಕೂಡುವಳು, ಅವಳ ನಂತರ ನಾನು, ಕಡೆಗೆ ಕಿರಿಯಳು. ಜೋಳದ ರೊಟ್ಟಿ ಬಡಿದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಹಿಟ್ಟು ಹೊಸದಿರಬೇಕು, ಎಸರು ಕುದಿಯುತ್ತಿರಬೇಕು, ಉರಿ ಒಂದೇ ಸಮ ಇರಬೇಕು. ನಾನು ಕೂಡುವ ಹೊತ್ತಿಗೆ ಹಂಚು ಹದವಾಗಿ ಕಾದಿರುತ್ತಿತ್ತು. ನಾನೆದ್ದ ಮೇಲೆ ಅವಳಿಗೆ ಉಳಿಯುತ್ತಿದ್ದುದು ಡಬ್ಬಿಯ ತಳದ ಹಳೆ ಹಿಟ್ಟು, ಆರಿದ ಎಸರು, ಬೂದಿ ಮುಚ್ಚಿದ ಕೆಂಡ. ಜಿಗಿ ಇಲ್ಲದ ಆ ಹಿಟ್ಟಿನಲ್ಲಿ ರೊಟ್ಟಿ ಅಂಚು ಹರಿಯದೆ ಬರುವುದಾದರೂ ಹೇಗೆ? ಒಂದೆರಡು ಸಲ ಅವಳು ನನಗಿಂತ ಮೊದಲು ಒಲೆಯ ಮುಂದೆ ಕೂತದ್ದುಂಟು, ನನಗೆ ಮೈಯಲ್ಲಿ ಸರಿ ಇಲ್ಲದಾಗ. ಅವತ್ತಿನ ರೊಟ್ಟಿ ಹಾಳೆಯಂತಿತ್ತು. ನಾನು ನೋಡಿದೆ. ನನಗೆ ಗೊತ್ತಾಯಿತು. ಅತ್ತೆಗೆ ಒಂದು ಮಾತು, "ಪಾಳಿ ಬದಲಿಸೋಣ್ರಿ" ಎಂದು ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಒಂದನೇ ನಂಬರಿನ ರುಚಿ ಅಂಥದ್ದು. ತವರಿನಿಂದ ತಂದ ಬಂಗಾರ ನನ್ನದು ಕಡಿಮೆಯಿತ್ತು, ಬಣ್ಣವೂ ಕಡಿಮೆಯೇ, ಆ ಮನೆಯಲ್ಲಿ ನನಗಿದ್ದದ್ದು ಆ ನಂಬರು ಒಂದೇ. ಇದು ಕಾರಣವೇ ಹೊರತು ಸಮಾಧಾನವಲ್ಲ.

ಹನ್ನೊಂದು ವರ್ಷ ಅವಳು ಮೂರನೆಯವಳಾಗಿಯೇ ಇದ್ದಳು. ಆಮೇಲೆ ಮನೆ ಬೇರೆಯಾಯಿತು. ಅವರು ವಾಡಿಗೆ ಹೋದರು. 2009ರಲ್ಲಿ ಅವಳು ತೀರಿಕೊಂಡಳು. ಮಣ್ಣಿಗೆ ಹೋದ ದಿನ ಅವಳ ಮಗಳು, "ದೊಡ್ಡವ್ವಾ, ಅವ್ವ ಯಾರರೆ ಬೀಗರು ಬಂದ್ರ ರೊಟ್ಟಿ ಮಾಡ್ತಿದ್ದಿಲ್ಲ, ಚಪಾತಿನೇ ಮಾಡ್ತಿದ್ದಳು. ಯಾಕೋ ಏನೋ," ಎಂದಳು. ನನಗೆ ಯಾಕೆಂದು ಗೊತ್ತಿತ್ತು. ಆಗಲೂ ಬಾಯಿ ಬರಲಿಲ್ಲ.

ಇದೆಲ್ಲ ಮಕ್ಕಳ ಮುಂದೆ ಹೇಳಲಿಲ್ಲ. ರಾತ್ರಿ ಮಾಳಿಗೆಯ ಮೇಲೆ ಹಾಸಿಗೆ ಹಾಸಿ ಎಲ್ಲರೂ ಮಲಗಿದ ಮೇಲೆ ಇವರಿಗೆ ಹೇಳಿದೆ. ಬಹಳ ಹೊತ್ತು ಇವರು ಮಾತಾಡಲಿಲ್ಲ, ನಿದ್ದೆ ಹತ್ತಿತೇನೋ ಅಂದುಕೊಂಡೆ.

"ಅಕಿ ರೊಟ್ಟಿ ಛಲೋ ಇರ್ತಿದ್ದವು," ಎಂದರು ಆಮೇಲೆ. "ಉರಿ ಇದ್ದ ದಿನ."

"ನಿಮಗ ಗೊತ್ತಿತ್ತೇನ್ರಿ? ಮತ್ತ ಆಗ ಯಾಕ ಹೇಳಲಿಲ್ಲ?"

"ನನಗ ಯಾರು ಕೇಳಿದ್ರು?" ಎಂದು ಮಗ್ಗುಲು ಬದಲಿಸಿದರು.