ಚಳಿಜ್ವರ ಯಾರ ಕರ್ಮ?

ಲೋಕದ ನೋವಿಗೆ ದೇವರು ಹೊಣೆಯೇ ಎಂದು ಕೇಳಿದರೆ ನಮ್ಮಲ್ಲಿ ಸಿದ್ಧ ಉತ್ತರವೊಂದಿದೆ: ಅವರವರ ಕರ್ಮ. ಇದರ ಶಾಸ್ತ್ರೀಯ ರೂಪ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿದೆ. ಒಬ್ಬನನ್ನು ಸುಖದಲ್ಲೂ ಇನ್ನೊಬ್ಬನನ್ನು ದುಃಖದಲ್ಲೂ ಇಟ್ಟ ಈಶ್ವರನಿಗೆ ಪಕ್ಷಪಾತ, ನಿರ್ದಯತೆ ಎರಡೂ ಅಂಟುವುದಿಲ್ಲವೇ ಎಂಬ ಆಕ್ಷೇಪಕ್ಕೆ ಸೂತ್ರಕಾರನ ಪರಿಹಾರ, ಈಶ್ವರ ಜೀವಿಗಳ ಕರ್ಮವನ್ನು ಅನುಸರಿಸಿ ಸೃಷ್ಟಿಸುತ್ತಾನೆ ಎಂಬುದು. ಶಂಕರರು ಭಾಷ್ಯದಲ್ಲಿ ಮಳೆಯ ದೃಷ್ಟಾಂತ ಕೊಡುತ್ತಾರೆ. ಭತ್ತಕ್ಕೂ ಜವೆಗೋಧಿಗೂ ಸುರಿಯುವ ಮಳೆ ಒಂದೇ. ಬೆಳೆ ಬೇರೆಯಾಗುವುದು ಬೀಜದ ಗುಣದಿಂದ. ಶಂಕರರ ಪೀಠವಿರುವ ಶೃಂಗೇರಿ ಚಿಕ್ಕಮಗಳೂರು ಜಿಲ್ಲೆಯಲ್ಲೇ ಇದೆ, ಮಳೆಗೂ ಅಲ್ಲಿ ಬರವಿಲ್ಲ. ಹಾಗಾಗಿ ಈ ದೃಷ್ಟಾಂತವನ್ನು ಅದೇ ಜಿಲ್ಲೆಯ ಮೂಡಿಗೆರೆ, ಕಳಸದ ಕಾಫಿ ಬೆಟ್ಟಗಳಲ್ಲಿ ಒರೆಗೆ ಹಚ್ಚಿ ನೋಡಬಹುದು. ಅಲ್ಲಿನ ಮಳೆ ಭತ್ತ, ಕಾಫಿ, ಏಲಕ್ಕಿಯ ಜೊತೆಗೆ ಚಳಿಜ್ವರವನ್ನೂ ಬೆಳೆಸುತ್ತಿತ್ತು.

ಕಳೆದ ಶತಮಾನದ ಮೊದಲರ್ಧದಲ್ಲಿ ಒಂದು ಊರಿನ ಮಲೇರಿಯಾವನ್ನು ಅಳೆಯಲು ವೈದ್ಯರು ಮಕ್ಕಳನ್ನು ಮಲಗಿಸಿ ಎಡ ಪಕ್ಕೆಲುಬಿನ ಕೆಳಗೆ ಬೆರಳೊತ್ತಿ ನೋಡುತ್ತಿದ್ದರು. ಊದಿದ ಗುಲ್ಮ ಕೈಗೆ ಸಿಕ್ಕರೆ ಅದೇ ಜ್ವರಗಡ್ಡೆ. ಇದಕ್ಕೆ ಕಾರಣ ಪ್ಲಾಸ್ಮೋಡಿಯಂ ಎಂಬ ಏಕಕೋಶ ಜೀವಿ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅದನ್ನು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಕಂಡ. ಸೊಳ್ಳೆಯ ಜೊಲ್ಲಿನೊಡನೆ ನಮ್ಮ ರಕ್ತಕ್ಕಿಳಿಯುವ ಇದು ಮೊದಲು ಪಿತ್ತಜನಕಾಂಗ ಸೇರಿ ಅಲ್ಲಿ ಸಾವಿರಾರಾಗಿ ಒಡೆಯುತ್ತದೆ. ಅಲ್ಲಿಂದ ಹೊರಬಿದ್ದು ಕೆಂಪು ರಕ್ತಕಣಗಳೊಳಗೆ ನುಗ್ಗುತ್ತದೆ. ವೈವಾಕ್ಸ್ ಜಾತಿಯದಾದರೆ 48 ಗಂಟೆಗೊಮ್ಮೆ ಕಣಗಳು ಒಟ್ಟಿಗೆ ಬಿರಿಯುತ್ತವೆ, ದಿನ ಬಿಟ್ಟು ದಿನ ನಡುಕ ಹತ್ತುವುದು ಆಗಲೇ. ಆ ನಡುಕದಿಂದ ಜೀವಿಗೆ ಲಾಭವೇನೂ ಇದ್ದಂತಿಲ್ಲ. ಅದರ ಗಂಡು ಹೆಣ್ಣುಗಳ ಕೂಟ ನಡೆಯುವುದು ಸೊಳ್ಳೆಯ ಹೊಟ್ಟೆಯಲ್ಲಿ. ಮನುಷ್ಯ ಅದಕ್ಕೆ ನಡುದಾರಿಯ ತಂಗುದಾಣ.

ಹಾಗಾದರೆ ಒಂದೇ ಮಳೆಯಲ್ಲಿ ಜ್ವರ ಯಾರಿಗೆ, ಯಾರಿಗಿಲ್ಲ ಎಂಬುದನ್ನು ತೀರ್ಮಾನಿಸುವ ಬೀಜ ಯಾವುದು? ಮಲೆನಾಡಿನಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಸೊಳ್ಳೆಗೆ ಕೊಳಚೆ ಹಿಡಿಸದು. ಹುಲ್ಲಂಚಿನ ಹಳ್ಳದ ನಿಧಾನ ಹರಿವಿನಲ್ಲಿ, ಗುಡ್ಡದ ಬುಡದ ಒಸರಿನಲ್ಲಿ ಅದು ಮೊಟ್ಟೆಯಿಡುತ್ತದೆ. ಆಷಾಢದ ಜಡಿಮಳೆ ಮರಿಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಮಳೆ ಹಿಂದಾಗಿ ನೀರು ತಿಳಿಯಾದ ಮೇಲೆ ಅವುಗಳ ಸುಗ್ಗಿ. ಕಾಫಿ ಕೊಯ್ಲಿಗೆ ಆಳುಗಳು ಬಂದು ಲೈನ್‌ಮನೆ ತುಂಬುವ ಕಾಲವೂ ಅದರ ಬೆನ್ನಿಗೇ ಬರುತ್ತದೆ. ಮನೆಗೂ ಹಳ್ಳಕ್ಕೂ ಇರುವ ದೂರ, ಸೊಳ್ಳೆಪರದೆ, ಗೋಡೆಗೆ ಹೊಡೆದ ಔಷಧಿ ಇವೇ ಇಲ್ಲಿ ಬೀಜದ ಕೆಲಸ ಮಾಡುತ್ತವೆ. 1947ರ ಸುಮಾರಿಗೆ ದೇಶದಲ್ಲಿ ವರ್ಷಕ್ಕೆ 7.5 ಕೋಟಿ ಮಂದಿಗೆ ಮಲೇರಿಯಾ ಬರುತ್ತಿತ್ತೆಂದು ಸರ್ಕಾರದ ಅಂದಾಜು. 1953ರಲ್ಲಿ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು, ಗೋಡೆಗೋಡೆಗೆ ಡಿಡಿಟಿ ಬಿತ್ತು, 1960ರ ದಶಕದ ನಡುವಿಗೆ ಪ್ರಕರಣಗಳು ಒಂದು ಲಕ್ಷದ ಆಸುಪಾಸಿಗೆ ಇಳಿದವು. 1976ರಲ್ಲಿ ಮತ್ತೆ 64 ಲಕ್ಷಕ್ಕೇರಿದವು. ಒಂದು ದಶಕದಲ್ಲಿ ಕೋಟ್ಯಂತರ ಜನರ ಪಾಪ ತೊಳೆದುಹೋಗಿ ಮುಂದಿನ ದಶಕದಲ್ಲಿ ಮರಳಿ ಬಂತೆಂದು ಯಾರೂ ಹೇಳಲಾರರು.

ಕರ್ಮವಾದಿ ಇಷ್ಟಕ್ಕೆ ಸೋಲೊಪ್ಪಬೇಕಿಲ್ಲ. ಕರ್ಮ ಕೆಲಸ ಮಾಡುವುದೇ ಹಳ್ಳ, ಸೊಳ್ಳೆಗಳ ಮೂಲಕ. ಹಳ್ಳದ ಪಕ್ಕದ ಲೈನ್‌ಮನೆಯಲ್ಲಿ ಇವನೇ ಏಕೆ ಹುಟ್ಟಿದ ಎಂಬುದಕ್ಕೆ ನಿಮ್ಮ ವಿಜ್ಞಾನದಲ್ಲಿ ಉತ್ತರವೆಲ್ಲಿ ಎಂದು ಆತ ಕೇಳಬಹುದು. ಗಟ್ಟಿಯಾದ ಆಕ್ಷೇಪವೇ. ಆದರೆ ಜ್ವರ ಬಂದರೂ ಕರ್ಮ, ಔಷಧಿಯಿಂದ ಬಿಟ್ಟರೂ ಕರ್ಮ ಎನ್ನುವ ಮಾತು ಏನಾದರೂ ಸರಿಯೇ ಆಗಿಬಿಡುತ್ತದೆ. ಅಷ್ಟೇ ಅಲ್ಲ, ಆ ಲೈನ್‌ಮನೆಯನ್ನು ಹಳ್ಳದ ಮಗ್ಗುಲಿಗೆ ಕಟ್ಟಿಸಿದ ತೋಟದ ಯಜಮಾನನನ್ನು ಅದು ಸದ್ದಿಲ್ಲದೆ ಬಿಡುಗಡೆ ಮಾಡುತ್ತದೆ. ಶಂಕರರ ದೃಷ್ಟಾಂತವನ್ನೇ ಇನ್ನೊಮ್ಮೆ ನೋಡಿ. ಭತ್ತದ ಬೀಜ ಭತ್ತವಾದದ್ದು ತಾನು ಮಾಡಿದ ಯಾವ ತಪ್ಪಿಗೂ ಅಲ್ಲ. ಮಳೆಗೆ ಪಕ್ಷಪಾತವಿಲ್ಲ, ಬೀಜಕ್ಕೆ ಅಪರಾಧವಿಲ್ಲ, ಆದರೂ ಬೆಳೆ ಬೇರೆ ಬೇರೆ. ಈಶ್ವರನನ್ನು ದೂಷಣೆಯಿಂದ ಪಾರುಮಾಡಲು ಇಷ್ಟೇ ಸಾಕಿತ್ತು. ರೋಗಿಯ ಮೇಲೆ ತೀರ್ಪು ಹೊರಿಸುವುದನ್ನು ಆ ದೃಷ್ಟಾಂತ ಕೇಳುವುದೇ ಇಲ್ಲ. ಆಸ್ತಿಕ ತನ್ನ ದೇವರನ್ನು ಇಟ್ಟುಕೊಂಡೇ ಈ ತೀರ್ಪನ್ನು ಕೈಬಿಡಬಹುದೆಂಬುದು ನನ್ನ ವಾದ.

ದನಗಳ ವಿಷಯಕ್ಕೆ ಬಂದರೆ ಇದು ಇನ್ನೂ ನಿಚ್ಚಳ. ಉಣುಗು ಕಚ್ಚಿ ಬೆಬೀಸಿಯ ಎಂಬ ಏಕಕೋಶ ಜೀವಿ ರಕ್ತ ಸೇರಿದ ಹಸುವಿಗೆ ಜ್ವರವೇರುತ್ತದೆ, ಕಣಗಳು ಒಡೆದು ಗಂಜಲ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ. ಈ ಜೀವಿ ತಾಯಿ ಉಣುಗಿನಿಂದ ಮೊಟ್ಟೆಗೂ ಇಳಿಯುವುದರಿಂದ, ಇನ್ನೂ ಯಾವ ದನವನ್ನೂ ಕಚ್ಚದ ಮರಿಯೇ ಸೋಂಕು ಹೊತ್ತು ಹುಟ್ಟುತ್ತದೆ. ಪಶುಜನ್ಮ ಭೋಗಯೋನಿ, ಹಿಂದಿನ ಪಾಪವನ್ನು ಅಲ್ಲಿ ಉಣ್ಣಬೇಕು ಎನ್ನುವವರಿದ್ದಾರೆ. ಆದರೆ ಈ ರೋಗ ಹೆಚ್ಚು ಕಾಡುವುದು ಜೆರ್ಸಿ, ಎಚ್‌ಎಫ್ ಮಿಶ್ರತಳಿಗಳನ್ನು. ನಾಟಿ ದನಗಳು ಸಾಮಾನ್ಯವಾಗಿ ತಾಳಿಕೊಳ್ಳುತ್ತವೆ. ಪಾಪಿಗಳೆಲ್ಲ ಜೆರ್ಸಿಯಾಗಿ, ಪುಣ್ಯವಂತರೆಲ್ಲ ಮಲೆನಾಡು ಗಿಡ್ಡವಾಗಿ ಹುಟ್ಟುತ್ತಾರೆಂದು ವಾದಿಸಲು ಧೈರ್ಯ ಬೇಕು.

ಇನ್ನೊಂದು ಪ್ರಶ್ನೆ ಕಳಸದ ಇತಿಹಾಸದಿಂದಲೇ ಏಳುತ್ತದೆ. ಆ ಸೀಮೆಯನ್ನಾಳಿದ ಭೈರರಸರು ಜೈನರು, ಕಣ್ಣಿಗೆ ಕಾಣದ ಜೀವಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡ ಧರ್ಮ ಅದು. ಪ್ಲಾಸ್ಮೋಡಿಯಂ ಕೂಡ ಜೀವವಲ್ಲವೇ? ಹೌದು, ಜೀವವೇ, ದ್ವೇಷವಿಲ್ಲದ ಜೀವ. ಆದರೆ ಜೈನಧರ್ಮವೇ ಗೃಹಸ್ಥನಿಗೆ ಸಂಕಲ್ಪಪೂರ್ವಕ ಹಿಂಸೆಯನ್ನು ನಿಷೇಧಿಸಿ, ಆತ್ಮರಕ್ಷಣೆಯಲ್ಲಿ ತಪ್ಪದೆ ಆಗುವ ಹಿಂಸೆಯನ್ನು ಬೇರೆಯಾಗಿ ಎಣಿಸಿತು. ಮಾತ್ರೆ ನುಂಗುವವನನ್ನು ಎರಡನೆಯ ಸಾಲಿಗೆ ಸೇರಿಸುವುದೇ ಸರಿ.

ಹರಕೆ ಹೊತ್ತ ಮೇಲೆ ಜ್ವರ ಬಿಟ್ಟದ್ದುಂಟಲ್ಲ ಎಂಬ ಅನುಭವದ ಮಾತನ್ನು ತಳ್ಳಿಹಾಕುವಂತಿಲ್ಲ. ವೈವಾಕ್ಸ್ ಜ್ವರ ಎಷ್ಟೋ ಬಾರಿ ತಾನಾಗಿಯೇ ಇಳಿಯುತ್ತದೆ. ಅದರ ಕೆಲವು ಮರಿಗಳು ಮಾತ್ರ ಪಿತ್ತಜನಕಾಂಗದಲ್ಲಿ ತಿಂಗಳುಗಟ್ಟಲೆ ಮಲಗಿದ್ದು, ಹೊಸ ಸೊಳ್ಳೆ ಕಚ್ಚದೆಯೂ ಮತ್ತೆ ಏಳುತ್ತವೆ. ಹರಕೆ ತೀರಿಸಲು ತಡಮಾಡಿದ ಮನೆಯವರು ದೈವ ಮುನಿಯಿತೆಂದು ನಡುಗಿದ್ದರೆ ಅದರಲ್ಲಿ ಮೂರ್ಖತನವಿರಲಿಲ್ಲ. ರೋಗದ ನಡೆ ಹಾಗೇ ಇತ್ತು. ಹರಕೆ ಹೊರುವವರು ಈಗಲೂ ಹೊರಲಿ. ಜೊತೆಗೆ, ಚಳಿ ಬಂದು ಜ್ವರ ಹತ್ತಿದವರನ್ನು ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿ. ವೈವಾಕ್ಸ್ ಎಂದು ತಿಳಿದು ವೈದ್ಯರು ಪ್ರೈಮಾಕ್ವಿನ್ ಬರೆದುಕೊಟ್ಟರೆ, ಮೂರನೇ ದಿನಕ್ಕೇ ಜ್ವರ ಬಿಟ್ಟರೂ 14 ದಿನದ ಮಾತ್ರೆಯನ್ನು ಪೂರ್ತಿ ನುಂಗಿಸಿ. ಗರ್ಭಿಣಿಯರಿಗೂ ಎಳೆಗೂಸುಗಳಿಗೂ ಆ ಮಾತ್ರೆ ಸಲ್ಲದು.