ಪಡಿಯಚ್ಚಿನ ಋಣ

ತರೀಕೆರೆ ಸೀಮೆಯ ಅಮೃತಾಪುರದಲ್ಲಿ, ಹೊಯ್ಸಳ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ದೇವಾಲಯವುಂಟು. ಅದರ ಪ್ರಾಕಾರದ ಗೋಡೆಯ ಮೇಲಣ ದುಂಡು ಕೆತ್ತನೆಗಳು ಚಿತ್ರ ಕಲಿಯುವವರಿಗೆ ಹೇಳಿ ಮಾಡಿಸಿದಂತಿವೆ. ವಿದ್ಯಾರ್ಥಿಯೊಬ್ಬನು ಅವುಗಳಲ್ಲೊಂದನ್ನು ನೋಡಿ ಬರೆದು, ಮರದ ಹಲಗೆಯಲ್ಲಿ ಕೊರೆದು, ಎಣ್ಣೆಮಸಿ ಸವರಿ, ಹತ್ತು ಹಾಳೆಗಳ ಮೇಲೆ ಅಚ್ಚೊತ್ತಿದನೆಂದು ಇಟ್ಟುಕೊಳ್ಳಬಹುದು. ಒಣಗಿದ ಎಣ್ಣೆಮಸಿ ನೀರಿಗೆ ಕದಡದು; ಆದುದರಿಂದ ಗೆರೆಗಳ ನಡುವೆ ಅವನು ನೀರುಬಣ್ಣವನ್ನು ನಿರ್ಭಯವಾಗಿ ತುಂಬುತ್ತಾನೆ. ಕಡೆಗೆ ಹಾಳೆಯ ಅಡಿಯಲ್ಲಿ ತನ್ನ ಹೆಸರನ್ನು ಬರೆಯುತ್ತಾನೆ. ಆ ಹೆಸರು ಅಲ್ಲಿರುವುದು ನ್ಯಾಯವೆ?

ರೂಪವು ಶಿಲ್ಪಿಯದು, ಹುಡುಗನು ನಕಲುಗಾರನಷ್ಟೆ, ಎಂದು ಕೆಲವರು ಆಕ್ಷೇಪಿಸುವರು. ಎಂಟು ನೂರು ವರ್ಷಗಳ ಹಿಂದಿನ ಕೆಲಸಕ್ಕೆ ಒಡೆಯನೆಲ್ಲಿ, ಬೇಕಾದವರು ಕೊಳ್ಳಲಿ, ಎಂದು ಮತ್ತೆ ಕೆಲವರು ಹೇಳುವರು. ಎರಡು ಮಾತುಗಳಲ್ಲಿಯೂ ಅರ್ಧ ಸತ್ಯವೇ ಇದೆ.

ಅದೇ ಗುಡಿಯ ಶಾಸನವನ್ನು ನೋಡಬಹುದು. ಅದನ್ನು ರಚಿಸಿದವನು ಕವಿ ಜನ್ನನೆಂದು ಸಾಹಿತ್ಯಚರಿತ್ರಕಾರರು ಹೇಳುತ್ತಾರೆ. ಶಾಸನಗಳ ಮೇಲೆ ಒದ್ದೆಯ ಕಾಗದವನ್ನು ಒತ್ತಿ, ಮಸಿ ತಟ್ಟಿ, ಪಡಿಯಚ್ಚು ತೆಗೆಯುವುದು ವಿದ್ವಾಂಸರ ಪದ್ಧತಿ. ಬಿ. ಎಲ್. ರೈಸರು ಕಡೂರು ಜಿಲ್ಲೆಯ ಶಾಸನಗಳ ಸಂಪುಟವನ್ನು 1901ರಲ್ಲಿ ಪ್ರಕಟಿಸಿದರು. ಅದರಿಂದ ಕಾವ್ಯವು ರೈಸರದಾಗಲಿಲ್ಲ. ಆದರೆ ಕಲ್ಲಿನ ಬಳಿಗೆ ಹೋಗಲಾರದವರ ಮನೆಗೂ ಅಕ್ಷರಗಳು ಬಂದುವು. ಮೂಲವನ್ನು ಮುಚ್ಚಿಡದೆ ಇನ್ನೊಬ್ಬರಿಗೆ ಮುಟ್ಟಿಸುವ ನಕಲು ಕಳವಲ್ಲ, ಸೇವೆ.

ವಿದ್ಯಾರ್ಥಿಯ ಪಾಲು ಇನ್ನೂ ಸ್ವಲ್ಪ ಹೆಚ್ಚು. ಕಲ್ಲಿನ ನೂರು ಗೆರೆಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಅವನ ಕಣ್ಣೇ ತೀರ್ಮಾನಿಸಬೇಕು. ಹಲಗೆಯೊಂದೇ ಆದರೂ, ಒಂದು ಹಾಳೆಯಲ್ಲಿ ಬೆಳಗಿನ ಬಿಸಿಲು, ಇನ್ನೊಂದರಲ್ಲಿ ಮಳೆಗಾಲದ ಪಾಚಿಯ ಹಸುರು ಕಾಣುವುದು ಅವನ ಕುಂಚದಿಂದ. ಅಷ್ಟು ಅವನದು, ಉಳಿದದ್ದು ಸಾಲ.

ಸಾಲ ಕೊಟ್ಟವನು ಬದುಕಿಲ್ಲವೆಂಬ ಮಾತ್ರಕ್ಕೆ ಸಾಲ ತೀರುವುದಿಲ್ಲ. ರೂವಾರಿ ಮಲ್ಲಿತಮ್ಮನ ಹೆಸರು ಸೋಮನಾಥಪುರದ ಮೂರ್ತಿಗಳ ಕೆಳಗೆ ಉಳಿದಿದೆ. ಎಷ್ಟೋ ಮಂದಿ ಶಿಲ್ಪಿಗಳ ಹೆಸರು ಎಲ್ಲಿಯೂ ಇಲ್ಲ. ಹೆಸರಿಲ್ಲದವನ ಋಣವನ್ನು ಊರಿನ ಹೆಸರಿನಿಂದಲಾದರೂ ಒಪ್ಪಿಕೊಳ್ಳಬೇಕು. ವಿದ್ಯಾರ್ಥಿಯು ಕೆತ್ತನೆಯ ಮೇಲೆ ಮಸಿ ಹಚ್ಚದೆ, ದೂರದಿಂದ ನೋಡಿ ಬರೆಯುವುದೂ ಆ ಋಣದ ಒಂದು ಭಾಗ. ಹಾಳೆಯ ಎಡಗಡೆ ‘ಅಮೃತಾಪುರದ ಶಿಲ್ಪವನ್ನು ನೋಡಿ’ ಎಂದು ಬರೆದವನು ಬಲಗಡೆ ತನ್ನ ಹೆಸರನ್ನು ಸಂಕೋಚವಿಲ್ಲದೆ ಬರೆಯಬಹುದು.