ಮರ ಉಳಿಸಲು ನಾವೇ ಯಾಕೆ ಕೈ ಎತ್ತಬೇಕು?

ನಮ್ಮೂರಿನ ಗ್ರಾಮಸಭೆ ನಡೆಯುವುದು ಗುಡಿಯ ಮುಂದಿನ ಅಂಗಳದಲ್ಲಿ. ಶಾಮಿಯಾನದ ನೆರಳು ಎಲ್ಲಿ ಮುಗಿಯುತ್ತದೋ ಅಲ್ಲಿಂದ ಆಚೆಗೆ ನಮ್ಮ ಕೇರಿಯವರು ಕೂರುತ್ತಾರೆ. ಅಲ್ಲಿ ಕೂತ್ಕೊಳಿ ಅಂತ ಈಗ ಯಾರೂ ಹೇಳುವುದಿಲ್ಲ. ಹೇಳಬೇಕಾದ ಅಗತ್ಯವೇ ಬೀಳದ ಹಾಗೆ ತಲೆತಲಾಂತರದಿಂದ ಪಾಠ ಮಾಡಿಟ್ಟಿದ್ದಾರೆ. ಆವತ್ತು ಸಭೆಯ ಮುಂದೆ ಎರಡು ವಿಷಯಗಳಿದ್ದವು. ಊರ ಗುಂಡುತೋಪಿನ ಹುಣಸೆ, ಹೊಂಗೆ ಮರಗಳನ್ನು ಕಡಿದು ರಸ್ತೆ ಅಗಲ ಮಾಡಿ ಉಳಿದ ಜಾಗದಲ್ಲಿ ಬಡಾವಣೆ ಮಾಡುವುದು ಒಂದು. ತೋಪಿನ ಬದಿಯಲ್ಲಿ ಹರಿಯುವ ಹಳ್ಳವನ್ನು ಸಿಮೆಂಟು ಕೊಳವೆಗೆ ತುರುಕಿ ಮೇಲೆ ಮಣ್ಣು ಮುಚ್ಚುವುದು ಇನ್ನೊಂದು.

ಕಡಿಯಬೇಕು ಅನ್ನುವವರು ನಮ್ಮ ಕಡೆ ತಿರುಗಿ ಹೇಳಿದರು: 'ಕೇರಿಯೋರ್ಗೆ ಹತ್ತು ಸೈಟು ಕೊಡ್ತೀವಿ, ಕೈ ಎತ್ರಪ್ಪ.' ಕಡಿಯಬಾರದು ಅನ್ನುವವರೂ ಇದ್ದರು. ಅವರು ಊರಿನ ದೊಡ್ಡ ಮನೆಗಳವರು, ಬೆಂಗಳೂರಿನಿಂದ ಬಂದಿದ್ದ ಅವರ ಮಕ್ಕಳು. ಅವರು ಪ್ರಕೃತಿ ಮಾತೆಯ ಬಗ್ಗೆ, ಹಿರೀಕರು ನೆಟ್ಟ ಪುಣ್ಯದ ಬಗ್ಗೆ ಮಾತಾಡಿದರು. ಅವರೂ ಕೊನೆಗೆ ನಮ್ಮ ಕಡೆಗೇ ತಿರುಗಿದರು. ಎರಡು ಗುಂಪಿಗೂ ನಮ್ಮ ಕೈ ಬೇಕಾಗಿತ್ತು. ಹಿಂದೆ ಈ ಕೈ ಬೇಕಾಗಿದ್ದದ್ದು ಸತ್ತ ದನ ಎಳೆಯುವುದಕ್ಕೆ, ತಮಟೆ ಬಡಿಯುವುದಕ್ಕೆ. ಈಗ ಎತ್ತುವುದಕ್ಕೆ ಬೇಕಾಗಿದೆ. ಇದು ಸಣ್ಣ ಬದಲಾವಣೆಯಲ್ಲ, ಒಪ್ಪುತ್ತೇನೆ. ಆದರೆ ಎತ್ತುವ ಮುಂಚೆ ಯೋಚನೆ ಮಾಡುವ ಹಕ್ಕೂ ಆ ಕೈಗೆ ಇರಬೇಕು.

ನನ್ನ ಪಕ್ಕದಲ್ಲಿ ನನ್ನ ಸೋದರತ್ತೆ ಕೂತಿದ್ದಳು. ಒಂದೇ ಅಂಕಣದ ಮನೆಯಲ್ಲಿ ಅವಳ ಮೂವರು ಗಂಡುಮಕ್ಕಳ ಸಂಸಾರ ಇದೆ. ಸೈಟಿಗೆ ಅರ್ಜಿ ಕೊಟ್ಟು ಕೊಟ್ಟು ಅವಳ ಹೆಬ್ಬೆಟ್ಟು ಸವೆದಿದೆ. ಅವಳು ನನ್ನ ಕಿವಿಯಲ್ಲಿ ಅಂದಳು: 'ಮಗ, ಆ ಹುಣಸೆಮರಕ್ಕೇ ಕಣೋ ನಮ್ಮಪ್ಪನ್ನ ಕಟ್ಟಾಕಿ ಹೊಡ್ದಿದ್ದು. ಅದು ನಿಂತ್ರೆಷ್ಟು, ಬಿದ್ರೆಷ್ಟು? ನಂಗೊಂದು ಸೂರಾದ್ರೆ ಸಾಕು.'

ನಮ್ಮ ತಾತ ಊರ ಕೆರೆಯ ನೀರುಗಂಟಿ. ಹಳೇ ಮೈಸೂರು ಸೀಮೆಯ ಎಷ್ಟೋ ಊರುಗಳಲ್ಲಿ ಈ ಕೆಲಸ ನಮ್ಮವರದೇ ಆಗಿತ್ತು. ತೂಬು ತೆಗೆಯುವುದು, ಸರದಿಯ ಪ್ರಕಾರ ಗದ್ದೆಗಳಿಗೆ ನೀರು ಬಿಡುವುದು, ರಾತ್ರಿಯೆಲ್ಲ ಕಾಲುವೆ ಕಾಯುವುದು. ಊರಿಗೆಲ್ಲ ನೀರು ಹಂಚುವ ಅದೇ ಮನುಷ್ಯ ಊರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಒಂದು ಬರಗಾಲದಲ್ಲಿ ಸರದಿ ಮುರಿದು ನೀರು ತಿರುಗಿಸಿಕೊಂಡ ದೊಡ್ಡವರೊಬ್ಬರ ಹೆಸರನ್ನು ತಾತ ಪಂಚಾಯ್ತಿಯಲ್ಲಿ ಹೇಳಿಬಿಟ್ಟ. ಪಂಚಾಯ್ತಿ ಕೂರುತ್ತಿದ್ದದ್ದು ಅದೇ ಹುಣಸೆಮರದಡಿ. ಶಿಕ್ಷೆ ಆದದ್ದು ನೀರು ಕದ್ದವನಿಗಲ್ಲ, ಹೆಸರು ಹೇಳಿದವನಿಗೆ.

ಹಾಗಾಗಿ ನನ್ನ ಮುಂದಿರುವ ಪ್ರಶ್ನೆ ಪುಸ್ತಕದಿಂದ ಎದ್ದು ಬಂದದ್ದಲ್ಲ. ಯಾವ ಮರದ ನೆರಳಲ್ಲಿ ನಮ್ಮನ್ನು ಕೂರಿಸಲಿಲ್ಲವೋ, ಯಾವ ನೀರನ್ನು ಮುಟ್ಟಗೊಡಲಿಲ್ಲವೋ, ಆ ಮರ ಆ ನೀರನ್ನು ಉಳಿಸುವ ನೈತಿಕ ಹೊಣೆ ನಮ್ಮ ಮೇಲೆ ಇದೆಯೇ?

ಅತ್ತೆಯ ಮಾತನ್ನು ಅಜ್ಞಾನ ಅಂತ ತಳ್ಳಿಹಾಕುವವರ ಜೊತೆ ನನಗೆ ಮಾತಿಲ್ಲ. ಪರಿಸರದ ಅರಿವು ಮೂಡಿಸುತ್ತೇವೆ ಅಂತ ಕೇರಿಗೆ ಬರುವವರು ಮೊದಲು ಆ ಒಂದಂಕಣದ ಮನೆಯಲ್ಲಿ ಒಂದು ರಾತ್ರಿ ಮಲಗಲಿ. 'ಮರ ಎಲ್ಲರದು' ಅನ್ನುತ್ತಾರೆ. ಈ 'ಎಲ್ಲರು' ಅನ್ನುವ ಮಾತನ್ನು ನಾವು ಬಹಳ ಕಾಲದಿಂದ ನೋಡಿದ್ದೇವೆ. ಹುಣಸೆಹಣ್ಣು ಹರಾಜಿಗೆ ಬಂದಾಗ ಆ ಎಲ್ಲರಲ್ಲಿ ನಾವಿರುವುದಿಲ್ಲ. ಜಾತ್ರೆಯ ಪಾನಕಕ್ಕೆ ನಾವಿರುವುದಿಲ್ಲ. ತ್ಯಾಗ ಮಾಡಬೇಕಾಗಿ ಬಂದಾಗ ಮಾತ್ರ ಮೊದಲ ಸಾಲಿನಲ್ಲಿ ನಮ್ಮ ಹೆಸರು.

ಆದರೆ ಅತ್ತೆಯ ಮಾತನ್ನು ಗೌರವಿಸುವುದು ಅಂದರೆ ಅದನ್ನು ಪರೀಕ್ಷೆ ಮಾಡದೆ ಒಪ್ಪುವುದಲ್ಲ. ತೋಪು ಹೋದರೆ ಯಾರಿಗೆ ನಷ್ಟ? ದೊಡ್ಡ ಮನೆಯವರಿಗೆ ಗ್ಯಾಸು ಇದೆ, ತೋಟ ಇದೆ, ಕೊಳವೆ ಬಾವಿ ಇದೆ. ಹೊಂಗೆ ಬೀಜ ಆಯ್ದು ಸಂತೆಗೆ ಹಾಕುವವರು, ಒಣಪುಳ್ಳೆ ಆಯುವವರು, ಎರಡು ಮೇಕೆ ಕಟ್ಟಿಕೊಂಡು ಸೊಪ್ಪಿಗೆ ಅಲೆಯುವವರು ನಮ್ಮ ಹೆಂಗಸರು. ಸ್ವಂತ ಭೂಮಿ ಇಲ್ಲದವರಿಗೆ ಊರೊಟ್ಟಿನ ಭೂಮಿಯೇ ಭೂಮಿ. ಇನ್ನು ಹಳ್ಳ. ಊರು ಏರಿನ ಮೇಲಿದೆ, ಕೇರಿ ತಗ್ಗಿನಲ್ಲಿದೆ. ಕೇರಿಯನ್ನು ತಗ್ಗಿಗೆ ದೂಡಿದ್ದೂ ಜಾತಿಯೇ. ಕೊಳವೆಗೆ ಕಸ ಕಟ್ಟಿಕೊಂಡು ಮಳೆಗಾಲದಲ್ಲಿ ಹಳ್ಳ ಉಕ್ಕಿದರೆ ನೀರು ಮೊದಲು ನುಗ್ಗುವುದು ಅತ್ತೆಯ ಹೊಸಿಲಿಗೆ. ಕೊಡುತ್ತೇವೆ ಅಂದ ಹತ್ತು ಸೈಟುಗಳೂ ಹಳ್ಳ ಮುಚ್ಚಿದ ಜಾಗದ ಮೇಲೇ ಇದ್ದವು.

ಇನ್ನೊಂದು ಮಾತು. ತಾತನನ್ನು ಕಟ್ಟಿದ್ದು ಮರವಲ್ಲ, ಹಗ್ಗ. ಹಗ್ಗ ಹಿಡಿದದ್ದು ಮನುಷ್ಯರು. ಮರ ಬಿದ್ದ ಮಾತ್ರಕ್ಕೆ ಆ ಮನುಷ್ಯರ ವಂಶದ ಕೈಯಿಂದ ಅಧಿಕಾರ ಬೀಳುವುದಿಲ್ಲ. ಮರದ ದಿಮ್ಮಿ ಮಾರಿದ ದುಡ್ಡೂ ಅಲ್ಲಿಗೇ ಹೋಗುತ್ತದೆ.

ಇಲ್ಲಿಗೆ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಮರ ಉಳಿಸುವುದು ಊರಿಗೆ ನಾವು ತೀರಿಸಬೇಕಾದ ಋಣವಲ್ಲ. ನಾವು ಊರಿಗೆ ಯಾವ ಋಣದಲ್ಲೂ ಇಲ್ಲ. ಅದು ನಮ್ಮ ಹಕ್ಕಿನ ಪಾಲು. ನೀರು ಕಾದವರು, ಕೆರೆಯ ಹೂಳು ಹೊತ್ತವರು ಪಾಲು ಕೇಳುವಾಗ ಆ ಪಾಲೇ ಇಲ್ಲವಾಗಿಬಿಟ್ಟರೆ ಕೇಳುವುದಾದರೂ ಏನನ್ನು?

ಎರಡನೆಯ ಪ್ರಶ್ನೆ ಇನ್ನೂ ಕಷ್ಟದ್ದು. ಇದನ್ನು ತೀರ್ಮಾನಿಸುವ ಹಕ್ಕು ಈ ಸಭೆಗೆ ಇದೆಯೇ? ಕೈ ಎಣಿಸಿ ಹಳ್ಳದ ಹಣೆಬರಹ ಬರೆಯಬಹುದೇ?

ಮಹಾಡದ ಕತೆಯನ್ನು ನಮ್ಮ ಹುಡುಗರು 1927ರ ಮಾರ್ಚ್ 20ರಿಂದ ಶುರುಮಾಡುತ್ತಾರೆ. ಬಾಬಾಸಾಹೇಬರು ಚೌದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿದ ದಿನ ಅದು. ಆದರೆ ಅದಕ್ಕೂ ಮುಂಚೆ, 1924ರಲ್ಲಿಯೇ, ಮಹಾಡದ ಪುರಸಭೆ ಆ ಕೆರೆಯನ್ನು ಅಸ್ಪೃಶ್ಯರಿಗೆ ತೆರೆದು ಠರಾವು ಮಾಡಿತ್ತು. ಠರಾವು ಕಾಗದದಲ್ಲಿತ್ತು, ಕೆರೆಯ ಮೆಟ್ಟಿಲಿಗೆ ಇಳಿದಿರಲಿಲ್ಲ. ನಮ್ಮವರು ನಿಜವಾಗಿ ನೀರು ಮುಟ್ಟಿದ ಮೇಲೆ ಏನಾಯಿತು? ಸಗಣಿ ಗಂಜಳದ ಕೊಡಗಳನ್ನು ಸುರಿದು ಕೆರೆಯನ್ನು ಶುದ್ಧ ಮಾಡಿದರು. 1927ರ ಆಗಸ್ಟ್ 4ರಂದು ಅದೇ ಪುರಸಭೆ ತನ್ನ ಠರಾವನ್ನು ವಾಪಸು ತೆಗೆದುಕೊಂಡಿತು. ಕೊನೆಗೆ ಮುಂಬಯಿ ಹೈಕೋರ್ಟಿನಲ್ಲಿ ನಮ್ಮವರ ಪರ ತೀರ್ಪು ಬಂದದ್ದು 1937ರಲ್ಲಿ. ಕೈ ಎತ್ತಿ ಕೊಟ್ಟದ್ದನ್ನು ಕೈ ಎತ್ತಿಯೇ ಕಿತ್ತುಕೊಳ್ಳಬಹುದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರು ಹಳ್ಳಿಯ ಮೇಲಿನ ಭಕ್ತಿಯನ್ನು ಅಷ್ಟು ಕಟುವಾಗಿ ಟೀಕಿಸಿದ್ದು ಸಿಟ್ಟಿನಿಂದ ಅಲ್ಲ, ಇಂಥ ಅನುಭವದಿಂದ.

ಹಾಗಾದರೆ ಸಭೆ ಬೇಡ, ಮೇಲಿನ ಸರ್ಕಾರವೇ ತೀರ್ಮಾನ ಮಾಡಲಿ ಅನ್ನೋಣವೇ? ಅದನ್ನೂ ನೋಡಿದ್ದೇವೆ. 1984ರಲ್ಲಿ ನಮ್ಮ ರಾಜ್ಯ ಸರ್ಕಾರ ಖಾಸಗಿ ಕಂಪನಿಯೊಂದರ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಕಟ್ಟಿತು. ನೀಲಗಿರಿ ಬೆಳೆಯಲಿಕ್ಕೆ ಸುಮಾರು 30,000 ಹೆಕ್ಟೇರ್ ಊರೊಟ್ಟಿನ ಭೂಮಿಯನ್ನು ಅದಕ್ಕೆ ಕೊಡಲು ಹೊರಟಿತು. ಸೊಪ್ಪು ಸೌದೆಯ ಭೂಮಿ ಕಾಗದದ ತಿರುಳಾಗಬೇಕಿತ್ತು. ಹಳ್ಳಿಯವರನ್ನು ಯಾರೂ ಕೇಳಲಿಲ್ಲ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಸಸಿಗಳನ್ನು ನೆಟ್ಟರು. ಅದೇ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ. 1991ರಲ್ಲಿ ಆ ಕಂಪನಿಯನ್ನು ಮುಚ್ಚಬೇಕಾಯಿತು. ಮರ ನೆಡುವುದೆಲ್ಲ ಒಳ್ಳೆಯದಲ್ಲ, ಕೀಳುವುದೆಲ್ಲ ಪಾಪವಲ್ಲ ಅನ್ನುವುದನ್ನೂ ಕುಸನೂರು ಹೇಳಿಕೊಟ್ಟಿತು.

ಒಡಿಶಾದ ನಿಯಮಗಿರಿಯಲ್ಲಿ ಸಭೆಯೇ ಬೆಟ್ಟವನ್ನು ಉಳಿಸಿತು. ಬಾಕ್ಸೈಟ್ ಗಣಿಗಾರಿಕೆಯ ವಿಷಯವನ್ನು ಗ್ರಾಮಸಭೆಗಳ ಮುಂದಿಡಬೇಕು ಅಂತ 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟು ಹೇಳಿತು. 2006ರ ಅರಣ್ಯ ಹಕ್ಕು ಕಾಯಿದೆ ಅದಕ್ಕೆ ಆಧಾರ. ಆ ವರ್ಷ ಜುಲೈ, ಆಗಸ್ಟ್ ತಿಂಗಳಲ್ಲಿ 12 ಹಳ್ಳಿಗಳ ಸಭೆ ಜಿಲ್ಲಾ ನ್ಯಾಯಾಧೀಶರ ಎದುರಿಗೇ ನಡೆಯಿತು. ಡೋಂಗ್ರಿಯಾ ಕೊಂದರೂ ಅವರ ನೆರೆಯವರೂ ಹನ್ನೆರಡಕ್ಕೆ ಹನ್ನೆರಡು ಸಭೆಗಳಲ್ಲೂ ಬೇಡ ಅಂದರು.

ಮಹಾಡದ ಸಭೆಗೂ ನಿಯಮಗಿರಿಯ ಸಭೆಗೂ ವ್ಯತ್ಯಾಸ ಎಲ್ಲಿದೆ? ಎರಡೂ ಸ್ಥಳೀಯ ಸಭೆಗಳೇ. ಒಂದರಲ್ಲಿ ನೀರು ಕಳೆದುಕೊಂಡವರು ಹೊರಗಿದ್ದರು, ನೀರಿನ ಒಡೆಯರು ಒಳಗಿದ್ದರು. ಇನ್ನೊಂದರಲ್ಲಿ ಬೆಟ್ಟ ಹೋದರೆ ಯಾರ ಬದುಕು ಹೋಗುತ್ತದೋ ಅವರೇ ನಡುವೆ ನಿಂತು ಮಾತಾಡಿದರು, ಅವರ ಬೆನ್ನಿಗೆ ಒಂದು ಕಾಯಿದೆ ಇತ್ತು. ಹಾಗಾಗಿ ಹಳ್ಳಿ ಅನ್ನುವ ಕಾರಣಕ್ಕೆ ಸಭೆ ಪವಿತ್ರವಾಗುವುದಿಲ್ಲ. ದಿಲ್ಲಿ, ಬೆಂಗಳೂರು ಅನ್ನುವ ಕಾರಣಕ್ಕೆ ಸರ್ಕಾರವೂ ನ್ಯಾಯವಂತನಾಗುವುದಿಲ್ಲ. ನಷ್ಟ ಯಾರ ಮೇಲೆ ಬೀಳುತ್ತದೋ ಅವರ ಮಾತು ಮೊದಲು ಬರುವ ಸಭೆಗೆ ಮಾತ್ರ ತೀರ್ಮಾನ ಮಾಡುವ ನೈತಿಕ ಹಕ್ಕು. ಉಳಿದದ್ದು ಬರೀ ತಲೆ ಎಣಿಕೆ.

ಈಗ ಅತ್ತೆಯ ಸೂರಿಗೆ ಬರುತ್ತೇನೆ. ಅದನ್ನು ಬಿಟ್ಟು ಮರದ ಮಾತಾಡಿದರೆ ನಾನೂ ದೊಡ್ಡ ಮನೆಯವರ ಕಡೆಗೇ ಸೇರಿದಂತೆ. ಸಭೆಯಲ್ಲಿ ತಕ್ಕಡಿಯ ಒಂದು ತಟ್ಟೆಗೆ ಮರ ಹಾಕಿದರು, ಇನ್ನೊಂದಕ್ಕೆ ನಮ್ಮ ಸೈಟು ಹಾಕಿದರು. ತಕ್ಕಡಿ ಹಿಡಿದವರು ತಮ್ಮದನ್ನು ಯಾವ ತಟ್ಟೆಗೂ ಹಾಕಲಿಲ್ಲ. ನಮ್ಮೂರ ಗೋಮಾಳದ ಮೇಲೆ ಅಡಿಕೆ ತೋಟ ಎದ್ದು ನಿಂತಿವೆ. ಮರ ಕಡಿಯಿರಿ ಅಂದವರದ್ದೂ ಇದೆ, ಕಡಿಯಬೇಡಿ ಅಂದವರದ್ದೂ ಇದೆ. ಊರೊಟ್ಟಿನ ಭೂಮಿಯ ಒತ್ತುವರಿ ತೆರವು ಮಾಡಿ ಅಂತ ಸುಪ್ರೀಂ ಕೋರ್ಟು 2011ರಲ್ಲಿ ಜಗ್ಪಾಲ್ ಸಿಂಗ್ ಮೊಕದ್ದಮೆಯಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ಅದೇ ತೀರ್ಪು ಸರ್ಕಾರ ಗುತ್ತಿಗೆ ಕೊಟ್ಟ ಭೂಹೀನರನ್ನು, ಪರಿಶಿಷ್ಟರನ್ನು ಬೇರೆಯಾಗಿ ನೋಡಬಹುದು ಅಂತಲೂ ಹೇಳಿದೆ. ಸೂರು ಇಲ್ಲದವನನ್ನೂ ಮರವನ್ನೂ ಜಗಳಕ್ಕೆ ಬಿಟ್ಟು ಮೂರನೆಯವನು ತೋಟಕ್ಕೆ ಬೇಲಿ ಹಾಕಿಕೊಳ್ಳುವುದು, ಇದೇ ಇವತ್ತಿನ ಅಭಿವೃದ್ಧಿಯ ಒಳಮರ್ಮ.

ನಾನು ಎದ್ದು ನಿಂತೆ. ಕಾಲು ನಡುಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಮೊದಲು ಗೋಮಾಳ ಅಳತೆ ಮಾಡಿಸಿ, ಅಲ್ಲಿ ಕೇರಿಯವರಿಗೆ ಸೈಟು ಕೊಡಿ, ಹಳ್ಳವನ್ನು ನಕ್ಷೆಯ ಪ್ರಕಾರ ಗುರುತು ಮಾಡಿ, ಆಮೇಲೆ ತೋಪಿನ ಮಾತು, ಅಂದೆ. ಎರಡು ಗುಂಪೂ ಒಂದೇ ಸಲ ಸುಮ್ಮನಾದವು. ಎರಡು ಗುಂಪೂ ಒಂದಾದದ್ದನ್ನು ನಾನು ಕಂಡದ್ದು ಆ ಒಂದು ಗಳಿಗೆಯಲ್ಲಿ ಮಾತ್ರ. ಆಮೇಲೆ ಒಬ್ಬರು, 'ನಾಕಕ್ಸರ ಕಲ್ತ್ಬುಟ್ಟ ಅಂತ ಆಡ್ತಾವ್ನೆ' ಅಂದರು. ತಾತನಿಗೆ ಹಗ್ಗ, ನನಗೆ ಮಾತು. ಅಷ್ಟು ಮುಂದೆ ಬಂದಿದ್ದೇವೆ. ನಡಾವಳಿ ಪುಸ್ತಕದಲ್ಲಿ 'ಚರ್ಚಿಸಲಾಯಿತು, ಮುಂದೂಡಲಾಯಿತು' ಅಂತ ಬರೆದರು. ನಾನು ಏನು ಹೇಳಿದೆ ಅನ್ನುವುದು ಅದರಲ್ಲಿ ಇಲ್ಲ.

ಆದ್ದರಿಂದ ಹಳ್ಳಿಯ ಮೇಷ್ಟ್ರುಗಳಿಗೆ, ಓದಿದ ಹುಡುಗ ಹುಡುಗಿಯರಿಗೆ ನನ್ನದೊಂದು ಕೋರಿಕೆ. ಸಭೆಗೆ ಹೋಗಿ. ಗ್ರಾಮಸಭೆಯಲ್ಲಿ ಪರಿಶಿಷ್ಟರು ತಮ್ಮ ಜನಸಂಖ್ಯೆಗೆ ತಕ್ಕಂತೆ ಇರಬೇಕು ಅಂತ ನಮ್ಮ ಪಂಚಾಯತ್ ರಾಜ್ ಕಾಯಿದೆಯೇ ಹೇಳುತ್ತದೆ. ಅದನ್ನು ಓದಿ ಹೇಳಿ. ಹಳ್ಳದ ವಿಷಯವಿದ್ದರೆ ಸಭೆಯನ್ನು ಹಳ್ಳದ ದಡದಲ್ಲೇ ಕರೆಯಿರಿ ಅನ್ನಿ. ಹೆಬ್ಬೆಟ್ಟು ಒತ್ತುವ ಮುಂಚೆ ನಡಾವಳಿಯನ್ನು ಗಟ್ಟಿಯಾಗಿ ಓದಿಸಿ, ಒಂದು ಪ್ರತಿ ತೆಗೆದಿಟ್ಟುಕೊಳ್ಳಿ. ಬರೆಯದೆ ಬಿಟ್ಟ ಮಾತು ಆಡದ ಮಾತಾಗುತ್ತದೆ.

ಅತ್ತೆ ಆಮೇಲೆ ಕೆಲವು ದಿನ ನನ್ನ ಜೊತೆ ಮಾತಾಡಲಿಲ್ಲ. ಅವಳ ಸಿಟ್ಟು ನ್ಯಾಯವಾದದ್ದು. ಕೈಗೆ ಬರುತ್ತಿದ್ದ ತುತ್ತನ್ನು ಅಣ್ಣನ ಮಗನೇ ತಪ್ಪಿಸಿದ ಅಂದುಕೊಂಡಳು. ಆ ತುತ್ತು ಮಳೆ ಬಂದರೆ ಹಳ್ಳದ ಪಾಲು ಅಂತ ನಾನು ಹೇಳಿದ್ದು ಅವಳಿಗೆ ಸಮಾಧಾನ ಕೊಡಲಿಲ್ಲ. ಇವತ್ತಿಗೂ ಅವಳು ಒಂದಂಕಣದಲ್ಲೇ ಇದ್ದಾಳೆ. ತೋಪು ನಿಂತಿದೆ. ಅವಳಿಗೆ ಸೂರು ಸಿಗುವವರೆಗೆ ಆ ತೋಪು ಉಳಿದದ್ದನ್ನು ಗೆಲುವು ಅಂತ ಕರೆಯಲು ನನ್ನ ಬಾಯಿ ಬರುವುದಿಲ್ಲ. ಮೊನ್ನೆ ಗೋಮಾಳದ ಅಳತೆಗೆ ತಾಲ್ಲೂಕು ಕಚೇರಿಗೆ ಅರ್ಜಿ ಬರೆದೆ. ಮೊದಲ ಹೆಬ್ಬೆಟ್ಟು ಅತ್ತೆಯದು. ಒತ್ತುವ ಮುಂಚೆ ಅಂದಳು: 'ಏನ್ ಬರ್ದಿದ್ದೀಯ, ಓದು. ಪೂರ್ತಿ ಓದು.'